ಚಹಾ ಚೆಲ್ಲುವ ಮುನ್ನ ಬರೆಯಬೇಕಾದ ಎಂಟನೆಯ ವಿಷಯ

ವಿದ್ಯಾರ್ಥಿ ಸಂಘದ ಕೋಣೆ,
ಮಲಪ್ರಭಾ ವಿಶ್ವವಿದ್ಯಾಲಯ,
ಫೆಬ್ರವರಿ 31, 2176

ಸಭೆಯಲ್ಲಿ ಕುಳಿತಿರುವ ಎಲ್ಲರಿಗೂ, ಕುರ್ಚಿ ಸಾಲದೆ ಕಿಟಕಿಯ ಕಟ್ಟೆ ಏರಿದವರಿಗೂ ನನ್ನ ವಂದನೆಗಳು. ಮಾತಿಗೆ ಮೊದಲು ಹಿರಿಯರನ್ನು ನೆನೆಯುವುದು ನಮ್ಮ ಸಂಘದ ಪದ್ಧತಿ. ಆ ಹಿರಿಯರು ನೀವೇ. ನಿಮ್ಮಲ್ಲಿ ಯಾರಿಗೂ ಇಪ್ಪತ್ಮೂರು ದಾಟಿಲ್ಲವೆಂದೂ, ಇಬ್ಬರು ಹಾಜರಾತಿ ಸಾಲದೆ ಈಗಷ್ಟೇ ವಿಭಾಗದ ಮುಖ್ಯಸ್ಥರಿಂದ ಬೈಸಿಕೊಂಡು ಬಂದಿದ್ದೀರೆಂದೂ ಬಲ್ಲೆ. ಆದರೂ ನೀವು ನನಗಿಂತ ನೂರು ವರ್ಷಕ್ಕೂ ಹೆಚ್ಚು ಹಿರಿಯರು. ಅರವತ್ತೊಂದರ ನಾನು ನಿಮ್ಮೆದುರು ಕೈಕಟ್ಟಿ ನಿಲ್ಲಬೇಕಾದವನು. ಈ ಸಂಘವನ್ನು ನಮ್ಮ ಕೈಗೆ ಬರುವವರೆಗೆ ಕಾಪಾಡಿದ್ದಕ್ಕೆ ನಿಮಗೆ ಋಣಿ.

ಮೇಲಿನ ದಿನಾಂಕವನ್ನು ಕಂಡು ನಗಬೇಡಿ. ಫೆಬ್ರವರಿಗೆ ಬೇರೆ ತಿಂಗಳುಗಳಷ್ಟು ದಿನ ಸಿಗಬೇಕೆಂದು ನಮಗೆ ನೂರು ವರ್ಷ ಹಿಂದೆ ನಮ್ಮ ಸಂಘವೇ ಹನ್ನೊಂದು ವರ್ಷ ಹೋರಾಡಿ ಗೆದ್ದುಕೊಂಡ ದಿನವಿದು. ಗೆದ್ದ ವರ್ಷವೇ ವಿಶ್ವವಿದ್ಯಾಲಯವು ಆ ದಿನಕ್ಕೆ ಪರೀಕ್ಷೆ ಇಟ್ಟಿತು. ನನ್ನ ಭಾಷೆಯಲ್ಲಿ ನಿಮಗೆ ವಿಚಿತ್ರವೆನಿಸುವ ಪದಗಳು ಬಂದರೆ ಕ್ಷಮಿಸಿ, ಸಾಧ್ಯವಾದಷ್ಟು ಬಿಡಿಸಿ ಹೇಳುತ್ತೇನೆ. ಈ ಪತ್ರ ನಿಮ್ಮ ಮೇಜಿನ ಮೇಲೆ ಬಿದ್ದದ್ದು ಹಿಂದಂಚೆಯಿಂದ. ಅದು ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನದನ್ನು ನಿಮಗಾಗಿ ಖರ್ಚು ಮಾಡಿದ್ದೇನೆ. ನನ್ನ ಹೆಸರು ಕಲ್ಮೇಶ ಹೆಬಸೂರ, ಇಪ್ಪತ್ತಾರು ವರ್ಷಗಳಿಂದ ಈ ಸಂಘದ ಮಾರ್ಗದರ್ಶಿ ಅಧ್ಯಾಪಕ.

ನಿಮ್ಮ ಕಾರ್ಯದರ್ಶಿ ಮಹಾದೇವಿ ಅಮರಗೋಳ ಅವರು ಈಗ ನಡಾವಳಿ ಪುಸ್ತಕದಲ್ಲಿ ಏಳನೆಯ ವಿಷಯವನ್ನು ಬರೆದು ಮುಗಿಸಿರಬೇಕು. ಅದು ನಮಗೆಲ್ಲ ಬಾಯಿಪಾಠ: "ಕೇರಂನ ಕೆಂಪು ಕಾಯಿ ಕಳೆದಿದೆ. ಸದ್ಯಕ್ಕೆ ಅಧ್ಯಕ್ಷರ ಅಂಗಿಯ ಗುಂಡಿ ಇಟ್ಟು ಆಡುವುದು. ಹೊಸದು ತರುವ ವಿಷಯ ಮುಂದಿನ ಸಭೆಗೆ." ನೀವು ಅವಸರದಲ್ಲಿ ಬರೆಸಿದ ಈ ಮೂರು ವಾಕ್ಯಗಳ ಮೇಲೆ ನಮ್ಮ ಬದುಕು ನಿಂತಿದೆ.

ಅದು ಹೇಗೆಂದು ಹೇಳುತ್ತೇನೆ. ನಮ್ಮ ಕಾಲದಲ್ಲಿ ಮುನ್ನರಿ ಎಂಬ ಯಂತ್ರವಿದೆ. ದೂರು ಹುಟ್ಟುವ ಮೊದಲೇ ಅದನ್ನು ತಿಳಿದು ಸರಿಪಡಿಸುವುದು ಅದರ ಕೆಲಸ. ಹಾಸ್ಟೆಲಿನ ಸಾರು ನೀರಾಗುವುದಿಲ್ಲ, ಫ್ಯಾನು ಕಿರುಗುಟ್ಟುವುದಿಲ್ಲ, ಫಲಿತಾಂಶ ತಡವಾಗುವುದಿಲ್ಲ. ಘೋಷಣೆ ಕೂಗಲು ಬಾಯಿ ತೆರೆದರೆ, ಮುಚ್ಚುವಷ್ಟರಲ್ಲಿ ಬೇಡಿಕೆ ಈಡೇರಿರುತ್ತದೆ. ಹೀಗಾಗಿ ಎಂಬತ್ತು ವರ್ಷಗಳ ಹಿಂದೆ ಮುಕ್ತಾಯ ಕಾಯ್ದೆ ಬಂತು. ಕೆಲಸ ಬಾಕಿಯಿಲ್ಲದ ಸಂಘಗಳನ್ನೆಲ್ಲ ಮುಚ್ಚಬೇಕು, ಹೊಸ ಕೆಲಸ ಸೇರಿಸುವಂತಿಲ್ಲ, ಕಾಯ್ದೆಗೆ ಮೊದಲೇ ಬರೆದಿಟ್ಟ ಕೆಲಸ ಉಳಿದಿದ್ದರೆ ಅದು ಮುಗಿಯುವವರೆಗೆ ಮಾತ್ರ ಸಂಘ ಇರಬಹುದು. ಸುತ್ತಲಿನ ಸಂಘಗಳು ಒಂದೊಂದಾಗಿ ಮುಚ್ಚಿದವು. ನಮ್ಮಲ್ಲಿ ಮಾತ್ರ ಏಳನೆಯ ವಿಷಯ ಉಳಿದಿತ್ತು. ಅಂದಿನಿಂದ ನಾವು ಅದನ್ನು ಪ್ರತಿವರ್ಷ ಬಹಳ ಶ್ರದ್ಧೆಯಿಂದ ಮುಂದೂಡುತ್ತಿದ್ದೇವೆ.

ಮುಂದೂಡುವುದು ಸುಲಭದ ಕೆಲಸವೆಂದು ತಿಳಿಯಬೇಡಿ. ಒಬ್ಬರು ಎದ್ದು ಕೆಂಪು ಕಾಯಿ ತರಲೇಬೇಕೆಂದು ಕಣ್ಣಲ್ಲಿ ನೀರು ತಂದುಕೊಂಡು ಮಂಡಿಸಬೇಕು, ಇನ್ನೊಬ್ಬರು ವಿರೋಧಿಸಬೇಕು. ಈಗಿನ ಅಧ್ಯಕ್ಷ ನಿಂಗರಾಜ ತಿಗಡಿ ಹೋದ ವರ್ಷ ಮಾಡಿದ ಭಾಷಣಕ್ಕೆ ಇಡೀ ಸಭೆ ಎದ್ದು ನಿಂತಿತು. "ಏನ್ ಅವಸರ ಐತ್ರಿ? ನೂರಾ ನಲವತ್ತೊಂಬತ್ತ ವರ್ಷ ತಡದೇವಿ. ಅರ್ಧಾ ಕೆಲಸ ಆದಮ್ಯಾಲೆ ಕೈ ಬಿಡೋ ಮಂದಿ ಅಲ್ಲ ನಾವು!" ಯಾವ ಕೆಲಸ ಅರ್ಧ ಆಗಿದೆಯೆಂದು ಯಾರೂ ಕೇಳಲಿಲ್ಲ.

ಗುಂಡಿಯ ಪದ್ಧತಿಯನ್ನೂ ಬಿಟ್ಟಿಲ್ಲ. ಅವಧಿ ಮುಗಿದ ಅಧ್ಯಕ್ಷರು ತಮ್ಮ ಅಂಗಿಯ ಗುಂಡಿಯೊಂದನ್ನು ಕಿತ್ತು ಕೇರಂ ಬೋರ್ಡಿನ ನಡುವೆ ಇಟ್ಟು ಇಳಿಯಬೇಕು. ತೊಂದರೆಯೆಂದರೆ ನಮ್ಮಲ್ಲಿ ಗುಂಡಿಗಳೇ ಇಲ್ಲ. ನಾವು ತೊಡುವುದು ಕೂಡುಬಟ್ಟೆ, ಅದರ ಎರಡು ಅಂಚುಗಳು ತಾವಾಗಿ ಒಂದಾಗುತ್ತವೆ. ಆದ್ದರಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಮೂರು ತಿಂಗಳು ಸೂಜಿ ಹಿಡಿಯುವುದನ್ನು ಕಲಿಯುತ್ತಾರೆ, ಕಿತ್ತುಹಾಕುವ ಏಕೈಕ ಉದ್ದೇಶದಿಂದ ಒಂದು ಗುಂಡಿ ಹೊಲಿಯುತ್ತಾರೆ. ನಿಂಗರಾಜ ಮೊದಲ ಸಲ ಅಂಗಿಯನ್ನು ತನ್ನ ಪ್ಯಾಂಟಿಗೇ ಸೇರಿಸಿ ಹೊಲಿದುಕೊಂಡು, ಹಾಗೆಯೇ ಪ್ರಚಾರ ಮಾಡಿ ಗೆದ್ದ. ಗುಂಡಿಯು ತ್ಯಾಗದ ಸಂಕೇತವೆಂದು ನಮ್ಮ ಇತಿಹಾಸ ವಿಭಾಗದಲ್ಲಿ ಒಂದು ಮಹಾಪ್ರಬಂಧವೂ ಇದೆ. ನಿಮ್ಮ ಅಧ್ಯಕ್ಷರಿಗೆ ಆ ಹೊತ್ತಿಗೆ ಬೇರೇನೂ ಸಿಗಲಿಲ್ಲವೆಂಬ ನನ್ನ ಅನುಮಾನವನ್ನು ನಾನು ಅಲ್ಲಿ ಹೇಳಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆದಿರುವಾಗ ಮೊನ್ನೆ ಮಧ್ಯಾಹ್ನ ಮೊದಲ ವರ್ಷದ ತಹಸೀನ್ ನದಾಫ ನನ್ನ ಕೋಣೆಗೆ ಬಂದು, ಬಿಗಿಹಿಡಿದ ಮುಷ್ಟಿಯನ್ನು ಮೇಜಿನ ಮೇಲೆ ತೆರೆದಳು. ಕೆಂಪು ಕಾಯಿ.

"ನಾ ಏನೂ ಮಾಡಿಲ್ರಿ ಸರ. ಪೌಡರ್ ಒರಸಾಕಂತ ಬೋರ್ಡ್ ಡಬ್ಬ ಹಾಕಿದೆ. ಅಂಚಿನ ಕಟ್ಟಿಗಿ ಒಳಗಿಂದ ಟಪ್ ಅಂತ ಬಿತ್ತು."

ಬೋರ್ಡನ್ನು ಬೋರಲು ಹಾಕುವುದು ಹಿರಿಯರಿಗೆ ಅಗೌರವವೆಂದು ನೂರೈವತ್ತು ವರ್ಷ ಯಾರೂ ಅದನ್ನು ಮಾಡಿರಲಿಲ್ಲ. ನೀವೂ ಮಾಡಿರಲಿಲ್ಲ, ಬಹುಶಃ ಸೋಮಾರಿತನದಿಂದ.

"ಯಾರಿಗರೆ ಹೇಳೀಯೇನವಾ?" ಎಂದೆ.

"ಇಲ್ರಿ. ಹೇಳಿದ್ರ ಸಂಘ ಹೋಗ್ತೈತಿ. ಹೇಳದಿದ್ರ ಆ ಬೋರ್ಡಿನ ಮುಂದ ನಾ ಹೆಂಗ ಕುಂದರ್ಲಿ?"

ಮತ್ತೆ ಒಳಗೇ ತುರುಕಿಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಆದರೆ ಆ ಹುಡುಗಿಯನ್ನು ನಾನು ಬಲ್ಲೆ. ಇಲ್ಲಿಗೆ ಬಂದ ಮೊದಲ ಎರಡು ತಿಂಗಳು ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಮುನ್ನರಿ ಅವಳಿಗೆ ಒಳ್ಳೆಯ ದಿಂಬು ಕೊಟ್ಟಿತ್ತು, ಬೆಳಕಿನ ಕಿಟಕಿ ಕೊಟ್ಟಿತ್ತು, ಇನ್ನೇನು ಬೇಕೆಂದು ಅದಕ್ಕೆ ತಿಳಿಯಲಿಲ್ಲ. ಒಂದು ದಿನ ಸಂಘದ ಬಾಗಿಲಲ್ಲಿ ನಿಂತಿದ್ದವಳನ್ನು ನಿಂಗರಾಜ ಕಂಡ. "ಏ ಹೊಸಾಕಿ, ಸ್ಟ್ರೈಕರ್ ಹೊಡಿಯಾಕ ಬರ್ತೈತೇನ?" ಅವಳು ಇಲ್ಲವೆಂದು ತಲೆಯಾಡಿಸಿದಳು. "ಹಂಗಾರ ಬಾ, ನನ್ನ ಪಾರ್ಟ್ನರ್ ಆಗು. ಸೋಲಾಕರೆ ಜೋಡಿ ಬೇಕಲ್ಲ." ಅಂದು ಅವರು ಒಂಬತ್ತು ಆಟ ಸೋತರು. ಹಾಸ್ಟೆಲಿಗೆ ಹೋಗುವಾಗ ಅವಳು ನಗುತ್ತಿದ್ದಳು. ಸಂಘವಿಲ್ಲದಿದ್ದರೆ ಆ ಬಾಗಿಲೇ ಇರುತ್ತಿರಲಿಲ್ಲ. ಮುಂದಿನ ವರ್ಷ ಬಂದು ನಿಲ್ಲುವ ಇನ್ನೊಬ್ಬಳಿಗೂ ಇರುವುದಿಲ್ಲ.

ಆದರೂ ಅವಳು ಆ ಬೋರ್ಡಿನ ಮುಂದೆ ನೆಮ್ಮದಿಯಿಂದ ಕೂರುವಂತಾಗಲಿ ಎಂದು, ಸೋಮವಾರದ ಸಭೆಯಲ್ಲಿ ನಿಜ ಹೇಳೆಂದು ತಹಸೀನಳಿಗೆ ಹೇಳಿದ್ದೇನೆ. ಕಾಯಿಯನ್ನು ಎಲ್ಲರೆದುರು ಇಡುತ್ತಾಳೆ. ಏಳನೆಯ ವಿಷಯ ಮುಗಿಯುತ್ತದೆ. ಉಳಿದದ್ದು ನಿಮ್ಮ ಕೈಯಲ್ಲಿದೆ.

ಏಳನೆಯ ವಿಷಯವು ಪುಟದ ಕಟ್ಟಕಡೆಯ ಸಾಲುಗಳಲ್ಲಿದೆ. ಅದರ ಮುಂದಿನ ಎರಡು ಪುಟಗಳು ಚಹಾ ಬಿದ್ದು ಒಂದಕ್ಕೊಂದು ಅಂಟಿಕೊಂಡಿವೆ. ಸಕ್ಕರೆ ಬಹಳ ಹಾಕಿಸಿಕೊಳ್ಳುತ್ತಿದ್ದಿರೆಂದು ಕಾಣುತ್ತದೆ, ನೂರೈವತ್ತು ವರ್ಷವಾದರೂ ಬಿಟ್ಟಿಲ್ಲ. ಗ್ರಂಥಾಲಯದವರು ಸೋಮವಾರ ಬೆಳಿಗ್ಗೆ, ಸಭೆಯ ಮುಂದೆಯೇ, ಅವುಗಳನ್ನು ಹರಿಯದಂತೆ ಬಿಡಿಸಿಕೊಡಲು ಒಪ್ಪಿದ್ದಾರೆ. ಅಲ್ಲಿ ಎಂಟನೆಯ ವಿಷಯವಿದೆಯೋ ಇಲ್ಲವೋ ನನಗೆ ತಿಳಿಯದು. ಇದ್ದರೆ ಅದು ಕಾಯ್ದೆಗಿಂತ ಹಳೆಯದು. ಯಾರೂ ಅದನ್ನು ಅಲ್ಲಗಳೆಯಲಾರರು.

ಏನು ಬರೆಯಬೇಕೆಂದು ಎರಡು ದಿನ ಯೋಚಿಸಿದೆ. ಕಳೆದುಹೋದ ವಸ್ತುವಿನ ಮಾತು ಬೇಡ, ಯಾರಾದರೂ ಪ್ರಾಮಾಣಿಕರು ಹುಡುಕಿಬಿಡುತ್ತಾರೆ. ಕಟ್ಟಡದ ಮಾತೂ ಬೇಡ, ಕಟ್ಟಿ ಮುಗಿಸಿಬಿಡುತ್ತಾರೆ. ಹೀಗೆ ಬರೆಯಿರಿ: "ಹೊಸದಾಗಿ ಬಂದವರನ್ನು ಆಟಕ್ಕೆ ಕರೆಯುವುದು, ಆಡಲು ಬಾರದವರಿಗೆ ಕಲಿಸುವುದು." ಪ್ರತಿ ವರ್ಷವೂ ಯಾರಾದರೂ ಹೊಸಬರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಇದನ್ನು ಮುಂದೂಡಬೇಕಾಗಿಲ್ಲ, ಮಾಡುತ್ತಲೇ ಇರಬಹುದು. ಮಾಡಿದಷ್ಟೂ ಉಳಿಯುತ್ತದೆ. ಮುಂದೂಡುವ ಭಾಷಣ ತಪ್ಪಿತೆಂದು ನಿಂಗರಾಜ ಬೇಸರಪಟ್ಟಾನು, ಅವನನ್ನು ನಾನು ಸಮಾಧಾನ ಮಾಡುತ್ತೇನೆ.

ಸಭಿಕರೇ, ಮಹಾದೇವಿಯವರ ಪೆನ್ನು ಏಳನೆಯ ವಿಷಯದ ಕೊನೆಗೆ ಮಸುಕಾಗಿರುವುದನ್ನು ನಾವು ಕಂಡಿದ್ದೇವೆ. ಪಕ್ಕದವರು ದಯವಿಟ್ಟು ತಮ್ಮದನ್ನು ಕೊಡಿ. ಚಹಾದ ಲೋಟ ಹಿಡಿದವರು, ನೀವು ಯಾರೆಂದು ಕೇಳುವುದಿಲ್ಲ, ಒಂದು ನಿಮಿಷ ಕೈ ಬಿಗಿಹಿಡಿಯಿರಿ. ಇಂಕು ಒಣಗಿದ ಮೇಲೆ ಚೆಲ್ಲುವುದು ನಿಮ್ಮ ಇಷ್ಟ. ಬಾಗಿಲ ಹತ್ತಿರ ಒಬ್ಬರು ಒಳಗೆ ಬರಲೋ ಬೇಡವೋ ಎಂದು ನಿಂತಿರಬಹುದು, ತಿರುಗಿ ನೋಡಿ. ಅವರನ್ನು ಕರೆದು ಕೂರಿಸಿಕೊಳ್ಳಿ. ಪುಟ ತಿರುವಿ. ಬರೆಯಲು ಆರಂಭಿಸಿ.