ಬಲಗಡೆಯ ಗೆರೆ

ಒರ್ನೆಲ್ಲಾ,

ಗೆದ್ದೆವು ಕಣೇ! ನಮ್ಮ ದುಬಾರಿ ಪುಟ್ಟ ಹ್ಯಾಚ್‌ಬ್ಯಾಕ್ ಕಾರಿನ ವಿನ್ಯಾಸ ಇವತ್ತು ಪಾಸಾಯಿತು. ಟೊರಿನೊದ ಈ ಸ್ಟುಡಿಯೋದಲ್ಲಿ ಇಷ್ಟು ಗಲಾಟೆಯನ್ನು ನಾನು ಕಂಡೇ ಇರಲಿಲ್ಲ. ಅವಸರದಲ್ಲಿ ಗೀಚುತ್ತಿದ್ದೇನೆ. ಈ ಕಾಗದವನ್ನು ಹೇಗೂ ಅಂಚೆಗೆ ಹಾಕುವುದಿಲ್ಲ, ಆದರೂ ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಜೇಡಿಮಣ್ಣಿನ ಮಾದರಿಯನ್ನು ನೀನು ಬಿಟ್ಟುಹೋದಂತೆಯೇ ಇಟ್ಟಿದ್ದೆವು: ಎಡಗಡೆ ನಾನು ರೂಪಿಸಿದ್ದು, ಬಲಗಡೆ ನೀನು ರೂಪಿಸಿದ್ದು; ಎರಡರಲ್ಲಿ ಒಂದು ಉಳಿಯಬೇಕಿತ್ತು. ನಿರ್ದೇಶಕ ರವೇರಾ ನನ್ನ ಬದಿಯನ್ನು ನೋಡಿ, "ಎದೆ ಉಬ್ಬಿಸ್ಕೊಂಡು ನಿಂತಿದೆಯಲ್ಲಪ್ಪ, ಸಣ್ಣ ಕಾರಿಗೆ ಇಷ್ಟು ಜಂಭ ಯಾಕೆ?" ಎಂದರು. ಎಲ್ಲರೂ ನಕ್ಕರು. ಆಮೇಲೆ ಬಲಗಡೆಗೆ ಹೋದರು. ಹಿಂದಿನ ಬಾಗಿಲಿನಿಂದ ದೀಪದವರೆಗೆ ನೀನು ಎಳೆದ ಆ ಒಂದೇ ಗೆರೆಯ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರು. ನಾನು ಎಲ್ಲರೆದುರು 'ಸವೆದ ಸೋಪು' ಎಂದು ಹಂಗಿಸಿದ್ದೆನಲ್ಲ, ಅದೇ ಗೆರೆ. ಮರುದಿನದಿಂದ ನೀನು ಬರಲಿಲ್ಲ.

"ಇದು! ಇದೇ ಕಾರು! ಫುಲ್ವಿಯೋ, ಎಲ್ಲಿ ಬಚ್ಚಿಟ್ಕೊಂಡಿದ್ದೆ ಇದನ್ನ?" ಎಂದು ರವೇರಾ ನನ್ನನ್ನು ತಬ್ಬಿಕೊಂಡರು. ಚಪ್ಪಾಳೆ ಬಿತ್ತು. ಯಾರೋ ವರ್ಮುತ್ ವೈನಿನ ಬಾಟಲಿ ತೆರೆದರು. ನಾನೂ ನಗುತ್ತಾ ಗ್ಲಾಸು ಎತ್ತಿದೆ, ನಿನ್ನ ಹೆಸರು ಎತ್ತಲಿಲ್ಲ.

ನಾಳೆ ಬೆಳಗ್ಗೆ ನನ್ನ ಬದಿಯನ್ನು ಪೂರ್ತಿ ಕೆರೆದುಹಾಕಿ, ಕಾಯಿಸಿ ಮೆದುಮಾಡಿದ ಮಣ್ಣು ಮೆತ್ತಿ, ನಿನ್ನ ಗೆರೆಯನ್ನು ಅಳತೆ ತಪ್ಪದೆ ಎಡಗಡೆಯೂ ಮೂಡಿಸಬೇಕು. ಆ ಕೆಲಸವನ್ನು ಯಾರಿಗೂ ಕೊಡಲಿಲ್ಲ, ನಾನೇ ಮಾಡುತ್ತೇನೆ. ವಾರದೊಳಗೆ ಎರಡೂ ಕಡೆ ಒಂದೇ ಆಗುತ್ತದೆ ಒರ್ನೆಲ್ಲಾ. ಆಮೇಲೆ ನಿನ್ನ ಬದಿ ಯಾವುದಿತ್ತು ಎಂದು, ನೀನೇ ಬಂದು ನೋಡಿದರೂ ಗೊತ್ತಾಗುವುದಿಲ್ಲ.