ಗುಲಾಬಿ ಪಟ್ಟಿ

ಆಗಸ್ಟ್ 12, ಬೆಳಿಗ್ಗೆ 6.40, ಭವಾನಿಪುರಂ, ವಿಜಯವಾಡ

ಬೀಟ್‌ರೂಟ್ ಪಲ್ಯ, ಗೋಂಗೂರ ಎಂಬ ಪುಂಡಿಸೊಪ್ಪಿನ ಚಟ್ನಿ, ಸಿಪ್ಪೆ ಸಮೇತ ಸೇಬು. ಇಪ್ಪತ್ಮೂರನೇ ದಿನ. ಎಂಜಲು ಪರೀಕ್ಷೆಯ ಪಟ್ಟಿ ನಾಲಿಗೆಗಿಟ್ಟೆ. ಗುಲಾಬಿ ಆಯಿತು. ಫೋಟೋ ತೆಗೆದು ಹರಿಣಿಗೆ ಕಳಿಸಿದೆ. ಹದಿನೆಂಟು ವರ್ಷದ ದಾಂಪತ್ಯ... ಈಗ ಹೆಂಡತಿಗೆ ದಿನವೂ ತಪ್ಪದೆ ಕಳಿಸುವುದು ಉಗುಳಿನ ಚಿತ್ರ.

ಅವಳು ವೈಜಾಗ್‌ನಲ್ಲಿ, ಋಷಿಕೊಂಡದ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ನಾನು ವಿಜಯವಾಡದ ಬ್ಯಾಂಕಿನಲ್ಲಿ. ಟ್ರಾನ್ಸ್‌ಫರ್ ಆಗಿ ಹದಿನಾಲ್ಕು ತಿಂಗಳು. ಬಿಪಿ ಇಂದು 138. ಜುಲೈನಲ್ಲಿ 156 ಇತ್ತು. ಮಾತ್ರೆಗೆ ಮುಂಚೆ ಮೂರು ತಿಂಗಳು ಊಟದಲ್ಲೇ ನೋಡೋಣ ಎಂದಿದ್ದಾರೆ ಡಾಕ್ಟರು.

ಬೀಟ್‌ರೂಟು ಬೆಂದಿತು, ಸೀಟಿ ಮೂರು ಬಂದಿತು,
ತಿನ್ನಿ ಎನ್ನುವವಳಿಲ್ಲದೆ ತಟ್ಟೆ ಆರಿ ನಿಂತಿತು.

ಆಗಸ್ಟ್ 16

ಪಕ್ಕದ ಕೌಂಟರಿನ ರಾಮಮೋಹನ್ ಬೀಟ್‌ರೂಟಿನಿಂದ ಕೆಂಪಾದ ನನ್ನ ಹಲ್ಲು ನೋಡಿ, "ಶ್ರೀಪಾದ ಗಾರೂ, ಪೊದ್ದುನ್ನೇ ಎವರ್ನಿ ಕೊರಿಕಾರಂಡಿ?" ಬೆಳಗಾಗೆದ್ದು ಯಾರನ್ನು ಕಚ್ಚಿದಿರಿ ಎಂದು. ಕ್ಯೂ ಪೂರ್ತಿ ನಕ್ಕಿತು. ಸಂಜೆ ಮೌತ್‌ವಾಶ್ ತಂದೆ. ನೀಲಿ. ಕಣ್ಣಲ್ಲಿ ನೀರು ಬರುವಷ್ಟು ಸ್ಟ್ರಾಂಗ್.

ಆಗಸ್ಟ್ 20

ಪಟ್ಟಿ ಬೆಳ್ಳಗೆ. ಮೂರು ದಿನದಿಂದ. ಬಿಪಿ 147. ಹರಿಣಿಯ ಫೋನ್.

"ಬಾಯಿಗೆ ಏನು ಹಾಕ್ಕೊಂಡ್ರಿ? ನಿಜ ಹೇಳಿ."

ಹೇಳಿದೆ.

"ಅಯ್ಯೋ ರೀ! ಬೀಟ್‌ರೂಟಿನ ನೈಟ್ರೇಟನ್ನ ನೈಟ್ರೈಟ್ ಮಾಡೋದೇ ನಾಲಿಗೆ ಮೇಲಿನ ಬ್ಯಾಕ್ಟೀರಿಯಾ. ಪಟ್ಟಿ ಗುಲಾಬಿ ಆಗೋದೂ ಆ ನೈಟ್ರೈಟಿಂದಲೇ. ಅದು ಹೊಟ್ಟೆಗಿಳಿದಾಗ ಗೋಂಗೂರ, ಸೇಬಿನ ಸಿಪ್ಪೆಯ ಪಾಲಿಫಿನಾಲ್ ಕೈಜೋಡಿಸಿ ನೈಟ್ರಿಕ್ ಆಕ್ಸೈಡ್ ಆಗುತ್ತೆ. ರಕ್ತನಾಳ ಸಡಿಲ ಆಗೋದು ಅದರಿಂದ. ನೀವು ಮೊದಲನೇ ಮೆಟ್ಟಿಲನ್ನೇ ತೊಳೆದುಬಿಟ್ರಿ. ಬಾಟಲಿ ಎಸೀರಿ. ಸರೇನಾ?"

ಅವಳ 'ಸರಿ' ಈಗ ತೆಲುಗಿನ 'ಸರೇ' ಆಗಿದೆ. ಯಾವಾಗ ಆಯಿತೋ. ನಾನಿರಲಿಲ್ಲ.

ಆಗಸ್ಟ್ 22

ಹೆಡ್ ಆಫೀಸಿನ ಪತ್ರ. ವೈಜಾಗ್‌ಗೆ ಕೇಳಿದ್ದ ಟ್ರಾನ್ಸ್‌ಫರ್ — ಆರೋಗ್ಯದ ಕಾರಣವಿದ್ದರೆ ಮಾತ್ರ. ಸೆಪ್ಟೆಂಬರ್ 9ಕ್ಕೆ ಮೆಡಿಕಲ್. ಬಿಪಿ 150 ದಾಟಿದ್ದರೆ ಕೆಲಸ ಆಯಿತೆಂದೇ ಲೆಕ್ಕ ಎಂದ ರಾಮಮೋಹನ್. ಅವನ ಭಾವನಿಗೆ ಹಾಗೇ ಆಗಿತ್ತಂತೆ.

ಬಾಟಲಿ ಇನ್ನೂ ಎಸೆದಿಲ್ಲ.

ಸೆಪ್ಟೆಂಬರ್ 3

ಹನ್ನೆರಡು ದಿನ, ದಿನಕ್ಕೆ ಮೂರು ಸಲ ಮುಕ್ಕಳಿಸಿದೆ. ಮೇಲೆ ಆವಕಾಯಿ ಉಪ್ಪಿನಕಾಯಿ, ಧಾರಾಳವಾಗಿ. ಬಿಪಿ 158. ಮೆಟ್ಟಿಲು ಹತ್ತಿದರೆ ತಲೆ ಧಿಮ್ಮೆನ್ನುತ್ತದೆ. ಹರಿಣಿಗೆ ಹಳೆಯ ಗುಲಾಬಿ ಫೋಟೋಗಳನ್ನೇ ಒಂದೊಂದಾಗಿ ಕಳಿಸುತ್ತಿದ್ದೆ. ಇಂದು ಸಿಕ್ಕಿಬಿದ್ದೆ — ಪಟ್ಟಿಯ ಹಿಂದೆ ಗೋಡೆಯ ಕ್ಯಾಲೆಂಡರ್.

"ನಿಮ್ಮ ಮನೇಲಿ ಇನ್ನೂ ಜುಲೈಯಾ?"

ಮೆಡಿಕಲ್ ವಿಷಯ ಹೇಳಿಬಿಟ್ಟೆ. ಫೋನಿನಲ್ಲಿ ಸಮುದ್ರದ ಗಾಳಿ, ಅದರ ನಡುವೆ ಅವಳ ದನಿ.

"ನನಗೇನು ನೀವು ಇಲ್ಲಿ ಬೇಡ್ವಾ? ಆದ್ರೆ ಕಾಯಿಲೆ ಮಾಡ್ಕೊಂಡು ಬರಬೇಡಿ. ಬಂದ್ಮೇಲೆ ಇರಬೇಕಲ್ಲ ಕಣ್ರೀ."

ಬಾಟಲಿಯನ್ನು ಸಿಂಕಿಗೆ ಸುರಿದೆ. ನೀಲಿ ಬಹಳ ಹೊತ್ತು ಹೋಗಲಿಲ್ಲ.

ಸೆಪ್ಟೆಂಬರ್ 9, ಬೆಳಿಗ್ಗೆ 6.30

ಬೀಟ್‌ರೂಟ್, ಗೋಂಗೂರ, ಸೇಬು. ಆರನೇ ದಿನ. ಬಿಪಿ 139. ಹನ್ನೊಂದಕ್ಕೆ ಮೆಡಿಕಲ್. 'ಫಿಟ್' ಎಂದು ಬರೆಯುತ್ತಾರೆ. ಇನ್ನೆರಡು ವರ್ಷ ಇಲ್ಲೇ.

ಪಟ್ಟಿ ಗುಲಾಬಿ. ಇಷ್ಟು ಗಾಢವಾಗಿ ಎಂದೂ ಆಗಿರಲಿಲ್ಲ. ಫೋಟೋ ಕಳಿಸಿದೆ — ಹಿಂದೆ ಕ್ಯಾಲೆಂಡರ್, ಸೆಪ್ಟೆಂಬರ್.

ನೋಡಿದಳು. 'ಟೈಪಿಂಗ್' ಎಂದು ಬಂತು. ಹೋಯಿತು. ಮತ್ತೆ ಬಂತು... ಹೋಯಿತು. ಅವಳಿಗೂ ಗೊತ್ತು ಈ ಗುಲಾಬಿಯ ಅರ್ಥ.

ಪ್ರಾಸವಾದರೂ ಕೂಡಲಿ:

ಪಟ್ಟಿಯೇನೋ ಕೆಂಪಾಯ್ತು, ನೆತ್ತರೆಲ್ಲ ತಂಪಾಯ್ತು,
ನೀನಿರುವ ಊರು ಮಾತ್ರ —