ಹೊಳೆ ದಾಟಿದ ಕನ್ನಡಿ

ದೊಡ್ಡಪ್ಪನಿಗೆ ಗ್ರೀಷ್ಮಾಳ ನಮಸ್ಕಾರ.

ಫರಂಗಿಪೇಟೆಯ ಹತ್ತಿರ, ನೇತ್ರಾವತಿಯ ನಡುವಿನ ಒಂದು ಕುದ್ರುವಿನಲ್ಲಿದ್ದೇನೆ, ಗೆಳತಿ ಶುಭಶ್ರೀಯ ಮನೆಯಲ್ಲಿ. ಸುತ್ತಲೂ ನೀರು, ಉಪ್ಪು ಬೇಕಾದರೂ ದೋಣಿ ಹತ್ತಬೇಕು. ಇವತ್ತು ಬೆಳಿಗ್ಗೆ ಅವಳ ಅಮ್ಮ ವಾರಿಜಾಕ್ಷಿ ಆಂಟಿಯ ಜೊತೆ ಆಚೆ ದಡಕ್ಕೆ ಹೋಗಿದ್ದೆ. ಬಂಟ್ವಾಳದಲ್ಲಿ ಅವರ ತವರುಮನೆಯನ್ನು ಕೆಡವುತ್ತಿದ್ದಾರೆ. ಅಲ್ಲಿಂದ ಅವರು ಕೇಳಿದ್ದು ತಮ್ಮ ಅಮ್ಮನ ಕನ್ನಡಿ ಕಪಾಟು ಒಂದನ್ನೇ.

ಟೆಂಪೊದಲ್ಲಿ ದಡಕ್ಕೆ ಬಂದಿದ್ದ ಅದನ್ನು ದೋಣಿಯಲ್ಲಿ ನಿಲ್ಲಿಸಿಕೊಂಡು ಹೊರಟೆವು. ಹೊಳೆಯ ಮೇಲೆ ಇನ್ನೂ ಮಂಜಿತ್ತು. ಕನ್ನಡಿಯೊಳಗೆ ತೆಂಗಿನ ಮರಗಳು ಮೆಲ್ಲಗೆ ನಡೆದು ಹೋಗುತ್ತಿದ್ದವು. ಒಂದು ಬೆಳ್ಳಕ್ಕಿ ಕಪಾಟಿನೊಳಗೇ ಹಾರಿಹೋದಂತೆ ಕಂಡಿತು. ರೀಲಿನಲ್ಲಿ ಒಂದೇ ಚಿತ್ರ ಉಳಿದಿತ್ತು. ನಿಮ್ಮ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಅಷ್ಟರಲ್ಲಿ ಗಾಳಿ ಬೀಸಿ ಕಪಾಟು ವಾಲಿತು.

"ಹಿಡಿ ಮಾರಾಯ್ತಿ! ಅದು ಹೋದ್ರೆ ನನಗೆ ಮತ್ತೆ ಏನೂ ಇಲ್ಲ!" ಎಂದು ಆಂಟಿ ಕೂಗಿದರು.

ಎರಡೂ ಕೈಗಳಿಂದ ತಬ್ಬಿ ಹಿಡಿದೆ. ಕನ್ನಡಿ ಉಳಿಯಿತು, ಕ್ಯಾಮೆರಾ ದೋಣಿಯ ತಳದ ನೀರಿಗೆ ಬಿತ್ತು. ಬೈಯಬೇಡಿ.

ದಡದಲ್ಲಿ ಇಳಿಸಿದ ಕೂಡಲೇ ಆಂಟಿ ಸೆರಗಿನಿಂದ ಕನ್ನಡಿ ಒರೆಸಿದರು. "ಇದರ ಎದುರು ಕೂರಿಸಿ ಅಮ್ಮ ನನಗೆ ಜಡೆ ಹಾಕ್ತಿದ್ದದ್ದು" ಎಂದರು. ಹೊರುವವರು ಕಾಯುತ್ತಿದ್ದರೂ ಅಲ್ಲೇ ಮರಳಿನ ಮೇಲೆ ಕೂತು, ಬಿಳಿಗೂದಲನ್ನು ಬಿಚ್ಚಿ, ಚಿಕ್ಕ ಹುಡುಗಿಯ ಹಾಗೆ ಎರಡು ಜಡೆ ಹಾಕಿಕೊಂಡರು. ಹಿಂದೆ ಹೊಳೆ ಹರಿಯುತ್ತಿತ್ತು.

ನನಗೆ ನೆಗಡಿಯೂ ಆಗಿಲ್ಲ. ಪೇಟೆಗೆ ದೋಣಿ ಹೊರಟಿದೆ, ಈ ಕಾರ್ಡನ್ನು ದೋಣಿಯವರ ಕೈಗೇ ಕೊಡುತ್ತೇನೆ. ಮೂಡುಬಿದಿರೆಗೆ ಬಂದ ಮೇಲೆ ರೀಲನ್ನು ನೀವೇ ತೊಳೆದುಕೊಡಿ: ನೀರು ಕೊಡವಿ, ಎರಡು ಜಡೆಯ ಆಂಟಿಯತ್ತ ಹಿಡಿದು ಒತ್ತಿದಾಗ ಕ್ಯಾಮೆರಾ 'ಟಕ್' ಎಂದಿತು.